ಬೇಲಿಯೇ ಎದ್ದು ಹೊಲ ಮೇಯ್ದಾಗ

ನಾನು ಬಿಕಾಂ ಓದಿದವನು. ಮೂವತ್ತೈದು ವರ್ಷ ಬ್ಯಾಂಕಿನ ಕೌಂಟರಿನ ಹಿಂದೆ ಕೂತು ಲೆಡ್ಜರ್ ಬರೆದವನು. ವೈದ್ಯಶಾಸ್ತ್ರಕ್ಕೂ ನನಗೂ ಇರುವ ನಂಟು ತಿಂಗಳಿಗೊಮ್ಮೆ ತರುವ ಬಿಪಿ ಮಾತ್ರೆಯಷ್ಟೇ. ಅಂಥವನು ರಕ್ತನಾಳದ ಕಾಯಿಲೆಯ ಬಗ್ಗೆ ಬರೆಯಲು ಕೂತಿದ್ದಾನಲ್ಲ ಎಂದು ನಿಮಗೆ ಅನ್ನಿಸಬಹುದು. ಇದಕ್ಕೆ ಕಾರಣ ನಮ್ಮ ಪುಟ್ಟ. ಮಗಳ ಮಗ. ಅವನಿಗೆ ಬಂದ ಒಂದು ಜ್ವರ ನನ್ನನ್ನು ಈ ಇಳಿವಯಸ್ಸಿನಲ್ಲಿ ವಿದ್ಯಾರ್ಥಿಯನ್ನಾಗಿ ಮಾಡಿತು.

ಎರಡು ವರ್ಷದ ಹಿಂದಿನ ಬೇಸಿಗೆ. ಮಗಳು ಪುಟ್ಟನನ್ನು ಕರೆದುಕೊಂಡು ಶಿವಮೊಗ್ಗಕ್ಕೆ, ನಮ್ಮ ಮನೆಗೆ ಬಂದಿದ್ದಳು. ಅವನಿಗಾಗ ಮೂರು ವರ್ಷ. ಒಂದು ಸೋಮವಾರ ರಾತ್ರಿ ಮೈ ಕಾದು ಕೆಂಡವಾಯಿತು. ಥರ್ಮಾಮೀಟರ್ 103 ತೋರಿಸಿತು. ಪ್ಯಾರಾಸಿಟಮಾಲ್ ಸಿರಪ್ ಕೊಟ್ಟೆವು. ಇಳಿಯಿತು, ನಾಲ್ಕು ಗಂಟೆ ಕಳೆಯುವುದರೊಳಗೆ ಮತ್ತೆ ಏರಿತು. ನನಗೊಂದು ಹಳೇ ಚಾಳಿ. ಯಾವುದನ್ನೂ ಬರೆದಿಡದೆ ಬಿಡುವವನಲ್ಲ. ಹಾಲಿನ ಲೆಕ್ಕದ ಪುಸ್ತಕದ ಹಿಂದಿನ ಹಾಳೆಯಲ್ಲಿ ತಾರೀಕು, ಗಂಟೆ, ಜ್ವರ ಎಷ್ಟು, ಔಷಧಿ ಎಷ್ಟು ಎಂದು ನಾಲ್ಕು ಕಾಲಂ ಎಳೆದು ಬರೆಯತೊಡಗಿದೆ. "ಮಗೂಗೆ ಜ್ವರ ಬಂದ್ರೂ ನಿಮ್ಮಪ್ಪಂಗೆ ಡೆಬಿಟ್ಟು ಕ್ರೆಡಿಟ್ಟು" ಎಂದು ನನ್ನವಳು ಮಗಳ ಮುಂದೆ ನಕ್ಕಳು.

ಬುಧವಾರ ಬೀದಿಯ ಕೊನೆಯ ಕ್ಲಿನಿಕ್ಕಿಗೆ ಹೋದೆವು. ಗಂಟಲು ಕೆಂಪಾಗಿದೆ ಎಂದು ಆಂಟಿಬಯೋಟಿಕ್ ಬರೆದುಕೊಟ್ಟರು. ಗುರುವಾರ ಎರಡೂ ಕಣ್ಣು ಕೆಂಪಾದವು. ಆದರೆ ಪಿಸುರಿಲ್ಲ, ನೀರಿಲ್ಲ. ಶುಕ್ರವಾರ ಮೈಮೇಲೆ ದದ್ದು ಎದ್ದಿತು. ತುಟಿ ಕೆಂಪಾಗಿ ಒಡೆಯಿತು. ಪಕ್ಕದ ಮನೆಯವರು ದಡಾರ ಎಂದರು. ನನ್ನವಳು ಅಮ್ಮ ಆಗಿದೆಯೆಂದು ಬೇವಿನ ಸೊಪ್ಪು ತರಿಸಿ ಹಾಸಿಗೆಯ ಪಕ್ಕ ಇಟ್ಟಳು. ಪುಟ್ಟ ಮಾತ್ರ ಯಾರ ಕೈಗೂ ಸಿಗದೆ ಕಿರಿಕಿರಿ ಮಾಡುತ್ತಾ ಅಳುತ್ತಲೇ ಇದ್ದ. ಅಂಗೈ ಅಂಗಾಲು ಊದಿ ಪೂರಿಯ ಹಾಗಾಗಿದ್ದವು.

ಶನಿವಾರ ಬೆಳಿಗ್ಗೆ ಮಕ್ಕಳ ವೈದ್ಯರ ಬಳಿ ಹೋದೆವು. ಅವರು ಕೇಳಿದ ಮೊದಲ ಪ್ರಶ್ನೆ, "ಜ್ವರ ಶುರುವಾಗಿ ಎಷ್ಟು ದಿನ ಆಯ್ತಮ್ಮ?"

"ಮೂರ್ನಾಲ್ಕು ದಿನ ಆಯ್ತು ಡಾಕ್ಟ್ರೇ" ಎಂದಳು ಮಗಳು. ನಿದ್ದೆಗೆಟ್ಟ ತಾಯಿಗೆ ದಿನಗಳ ಲೆಕ್ಕ ಎಲ್ಲಿ ಉಳಿದೀತು? ನಾನು ಹಾಲಿನ ಪುಸ್ತಕ ಮುಂದಿಟ್ಟೆ. "ಇಲ್ಲ ಡಾಕ್ಟ್ರೇ, ಇವತ್ತಿಗೆ ಆರನೇ ದಿನ."

ವೈದ್ಯರು ಪುಸ್ತಕ ನೋಡಿದರು. ಮಗುವಿನ ನಾಲಿಗೆ ನೋಡಿದರು. ಸ್ಟ್ರಾಬೆರಿ ಹಣ್ಣಿನ ಹಾಗೆ ಕೆಂಪಾಗಿ ಬೊಕ್ಕೆ ಬೊಕ್ಕೆಯಾಗಿತ್ತು. ಕುತ್ತಿಗೆಯ ಗಂಟು ಮುಟ್ಟಿದರು. ತೋಳಿನ ಮೇಲೆ ಹುಟ್ಟಿದಾಗ ಹಾಕಿಸಿದ್ದ ಬಿಸಿಜಿ ಲಸಿಕೆಯ ಕಲೆಯ ಸುತ್ತ ಕೆಂಪಾಗಿದ್ದುದನ್ನು ತೋರಿಸಿದರು. ನಂತರ ನನ್ನ ಕಡೆ ತಿರುಗಿ, "ಯಜಮಾನ್ರೇ, ಇದು ಕವಾಸಾಕಿ ಇರಬಹುದು. ಇವತ್ತೇ ಹೃದಯದ ಎಕೊ ಮಾಡಿಸಬೇಕು" ಎಂದರು.

ಕವಾಸಾಕಿ ಎಂದರೆ ನನಗೆ ಗೊತ್ತಿದ್ದದ್ದು ಮೋಟಾರ್ ಸೈಕಲ್. ಎಂಬತ್ತರ ದಶಕದಲ್ಲಿ ಆ ಬೈಕಿಗೆ ನಮ್ಮ ಶಾಖೆಯಿಂದ ಎಷ್ಟೋ ಸಾಲ ಕೊಟ್ಟಿದ್ದೆವು. ಕಾಯಿಲೆಗೂ ಆ ಹೆಸರೇ ಎಂದು ಅಂದೇ ಕೇಳಿದ್ದು.

ಟೋಕಿಯೊದ ಮಕ್ಕಳ ಡಾಕ್ಟರು

ಬೈಕಿಗೂ ಕಾಯಿಲೆಗೂ ಸಂಬಂಧವಿಲ್ಲ. ಕಾಯಿಲೆಗೆ ಹೆಸರು ಬಂದದ್ದು ತೋಮಿಸಾಕು ಕವಾಸಾಕಿ ಎಂಬ ಜಪಾನಿನ ಮಕ್ಕಳ ವೈದ್ಯರಿಂದ. ಟೋಕಿಯೊದ ರೆಡ್ ಕ್ರಾಸ್ ಆಸ್ಪತ್ರೆಯಲ್ಲಿ ಕೆಲಸ ಮಾಡುತ್ತಿದ್ದ ಅವರ ಬಳಿಗೆ 1961ರ ಜನವರಿಯಲ್ಲಿ ನಾಲ್ಕು ವರ್ಷದ ಒಬ್ಬ ಹುಡುಗ ಬಂದ. ಇಳಿಯದ ಜ್ವರ, ಕೆಂಪು ಕಣ್ಣು, ಒಡೆದ ತುಟಿ, ದದ್ದು. ಅವರಿಗೆ ಗೊತ್ತಿದ್ದ ಯಾವ ಕಾಯಿಲೆಗೂ ಅದು ತಾಳೆಯಾಗಲಿಲ್ಲ. ಹುಡುಗ ಗುಣವಾಗಿ ಮನೆಗೆ ಹೋದ. ಕವಾಸಾಕಿಯವರು ಕಡತದಲ್ಲಿ ಕಾಯಿಲೆ ಗೊತ್ತಾಗಲಿಲ್ಲ ಎಂದೇ ಬರೆದರು. ಗೊತ್ತಿಲ್ಲದ್ದಕ್ಕೆ ಗೊತ್ತಿಲ್ಲ ಎಂದು ಬರೆದ ಆ ಪ್ರಾಮಾಣಿಕತೆ ನನಗೆ ಬಹಳ ಹಿಡಿಸಿತು. ಲೆಕ್ಕ ತಾಳೆಯಾಗದಿದ್ದಾಗ ಏನೋ ಒಂದು ಬರೆದು ಮುಚ್ಚುವವನು ಒಳ್ಳೆಯ ಗುಮಾಸ್ತನೂ ಅಲ್ಲ, ಒಳ್ಳೆಯ ವೈದ್ಯನೂ ಅಲ್ಲ.

ಮರುವರ್ಷ ಇನ್ನೊಂದು ಮಗು ಅದೇ ಲಕ್ಷಣಗಳೊಂದಿಗೆ ಬಂತು. ಆಮೇಲೆ ಮತ್ತೊಂದು. ಅವರು ಒಂದೊಂದನ್ನೂ ಬರೆದಿಡುತ್ತಾ ಹೋದರು. 1967ರಲ್ಲಿ ಅಂಥ 50 ಮಕ್ಕಳ ವಿವರವನ್ನು ಜಪಾನಿ ಭಾಷೆಯಲ್ಲಿ ಪ್ರಕಟಿಸಿದರು. ಇಂಗ್ಲಿಷಿನಲ್ಲಿ ಪ್ರಕಟವಾಗಿ ಹೊರಜಗತ್ತಿಗೆ ಗೊತ್ತಾಗಲು 1974 ಬರಬೇಕಾಯಿತು. ಮೊದಮೊದಲು ಇದು ತಾನಾಗಿ ಬಂದು ತಾನಾಗಿ ಹೋಗುವ ಜ್ವರವೆಂದೇ ಅವರು ನಂಬಿದ್ದರು. ಆದರೆ 1970ರಲ್ಲಿ ಜಪಾನಿನಾದ್ಯಂತ ಸಮೀಕ್ಷೆ ನಡೆಸಿದಾಗ, ಜ್ವರ ಬಿಟ್ಟು ಆರಾಮಾದಂತೆ ಕಂಡ ಕೆಲವು ಮಕ್ಕಳು ಹಠಾತ್ತಾಗಿ ತೀರಿಕೊಂಡಿದ್ದ ಸಂಗತಿ ಹೊರಬಿತ್ತು. ಶವಪರೀಕ್ಷೆಯಲ್ಲಿ ಕಂಡದ್ದು ಹೃದಯಕ್ಕೆ ರಕ್ತ ಒಯ್ಯುವ ಕೊರೊನರಿ ನಾಳಗಳು ಬಲೂನಿನಂತೆ ಉಬ್ಬಿ, ಒಳಗೆ ರಕ್ತ ಹೆಪ್ಪುಗಟ್ಟಿದ್ದು. ಅಂದರೆ ಅರವತ್ತರ ಅಜ್ಜನಿಗೆ ಬರುವ ಹೃದಯಾಘಾತ ಮೂರು ವರ್ಷದ ಮೊಮ್ಮಗನಿಗೆ ಬಂದಿತ್ತು!

ಗೋಡೆಯೊಳಗೆ ನಡೆಯುವುದೇನು?

ಜ್ವರಕ್ಕೂ ಹೃದಯದ ನಾಳಕ್ಕೂ ಏನು ಸಂಬಂಧ? ಆಸ್ಪತ್ರೆಯ ಬೆಂಚಿನ ಮೇಲೆ ಕೂತು ನನ್ನ ತಲೆ ತಿಂದ ಪ್ರಶ್ನೆ ಇದು. ಆಮೇಲೆ ಓದಿ, ವೈದ್ಯರನ್ನು ಕೇಳಿ ತಿಳಿದುಕೊಂಡದ್ದನ್ನು ನನ್ನ ಭಾಷೆಯಲ್ಲಿ ಹೇಳುತ್ತೇನೆ.

ನಮ್ಮ ರಕ್ತದಲ್ಲಿ ಬಿಳಿ ರಕ್ತಕಣಗಳಿವೆ ಎಂದು ಶಾಲೆಯಲ್ಲಿ ಓದಿದ್ದೇವೆ. ಅವು ದೇಹದ ಕಾವಲುಗಾರರು. ಈ ಕಾವಲನ್ನು ಮೊದಲು ಕಣ್ಣಾರೆ ಕಂಡವರಲ್ಲಿ ಒಬ್ಬ ಇಲ್ಯಾ ಮೆಕ್ನಿಕೋವ್ ಎಂಬ ವಿಜ್ಞಾನಿ. 1882ರಲ್ಲಿ ಇಟಲಿಯ ಮೆಸ್ಸಿನಾ ಊರಿನಲ್ಲಿ ಆತ ನಕ್ಷತ್ರ ಮೀನಿನ ಪಾರದರ್ಶಕ ಮರಿಗೆ ಗುಲಾಬಿಯ ಮುಳ್ಳು ಚುಚ್ಚಿ, ಮರುದಿನ ಸೂಕ್ಷ್ಮದರ್ಶಕದಲ್ಲಿ ನೋಡಿದ. ಬೆಲ್ಲದ ಚೂರಿಗೆ ಇರುವೆ ಮುತ್ತಿದಂತೆ ಮುಳ್ಳಿನ ಸುತ್ತ ಪುಟ್ಟ ಕೋಶಗಳು ಮುತ್ತಿಕೊಂಡಿದ್ದವು. ಹೊರಗಿನಿಂದ ಬಂದದ್ದನ್ನು ನುಂಗಿ ಹಾಕುವ ಕೋಶಗಳಿವು ಎಂದು ಆತ ಅರಿತ. ಆತನಿಗೆ 1908ರಲ್ಲಿ ನೊಬೆಲ್ ಬಂತು.

ಈ ಕಾವಲುಪಡೆಯಲ್ಲಿ ಹಲವು ದರ್ಜೆಯವರಿದ್ದಾರೆ. ನ್ಯೂಟ್ರೋಫಿಲ್ ಎಂಬುವು ಗೇಟಿನ ಗಾರ್ಡುಗಳು; ಗಲಾಟೆ ಕೇಳಿದ ಕೂಡಲೇ ಮೊದಲು ಓಡಿಬರುವವರು. ಮ್ಯಾಕ್ರೊಫೇಜ್ ಎಂಬುವು ದೊಡ್ಡ ಬಾಯಿಯವು. ನುಂಗುತ್ತವೆ, ಜೊತೆಗೆ ರಾಸಾಯನಿಕ ಸಂದೇಶ ಕಳಿಸಿ ಇನ್ನಷ್ಟು ಜನರನ್ನು ಕರೆಸುತ್ತವೆ. ಟಿ ಕೋಶಗಳು ತನಿಖಾ ಅಧಿಕಾರಿಗಳಿದ್ದಂತೆ. ಯಾವ ಕೋಶದೊಳಗೆ ವೈರಿ ಅಡಗಿದ್ದಾನೆಂದು ಗುರುತಿಸುತ್ತವೆ, ಕೆಲವು ಆ ಕೋಶವನ್ನೇ ಕೊಲ್ಲುತ್ತವೆ. ಇವರ ಜೊತೆಗೆ "ಸಾಕು, ನಿಲ್ಲಿಸಿ" ಎಂದು ಹೇಳುವ ಒಂದು ಜಾತಿಯ ಟಿ ಕೋಶಗಳೂ ಇವೆ. ಅವುಗಳ ಕೆಲಸ ಜಗಳ ಬಿಡಿಸುವುದು.

ಕವಾಸಾಕಿ ಕಾಯಿಲೆ ಯಾವುದರಿಂದ ಶುರುವಾಗುತ್ತದೆಂದು ಜಗತ್ತಿನ ಯಾವ ಪ್ರಯೋಗಾಲಯವೂ ಇನ್ನೂ ಖಚಿತವಾಗಿ ಹೇಳಿಲ್ಲ. ಯಾವುದೋ ಸೋಂಕು ಮಗುವಿನ ಮೈಗೆ ಹೊಕ್ಕಾಗ, ಹುಟ್ಟಿನಿಂದಲೇ ಆ ಗುಣವಿರುವ ಕೆಲವು ಮಕ್ಕಳಲ್ಲಿ ಕಾವಲುಪಡೆ ಅತಿಯಾಗಿ ಕೆರಳುತ್ತದೆ ಎಂಬುದು ಹೆಚ್ಚಿನವರ ಅಭಿಪ್ರಾಯ. ಒಬ್ಬರಿಂದ ಒಬ್ಬರಿಗೆ ಅಂಟುವ ಕಾಯಿಲೆ ಇದಲ್ಲ.

ಕೆರಳಿದ ಕೋಶಗಳು ರಕ್ತದಲ್ಲಿ ಸಂದೇಶದ ರಾಸಾಯನಿಕಗಳನ್ನು ಚೆಲ್ಲುತ್ತವೆ. ಅದರಿಂದಲೇ ಜ್ವರ, ಅದರಿಂದಲೇ ಕೆಂಪು ಕಣ್ಣು. ಅಪಧಮನಿಯ ಗೋಡೆಗೆ ಮೂರು ಪದರ. ಒಳಪದರ ಸಾಮಾನ್ಯವಾಗಿ ನುಣುಪು. ರಕ್ತಕಣಗಳು ಅಂಟದೆ ಜಾರಿ ಹೋಗುತ್ತವೆ. ಆದರೆ ಆ ಸಂದೇಶ ತಲುಪಿದಾಗ ಒಳಪದರ ಅಂಟಂಟಾಗುತ್ತದೆ. ಹಾದು ಹೋಗುತ್ತಿದ್ದ ನ್ಯೂಟ್ರೋಫಿಲ್‌ಗಳು ಅಲ್ಲೇ ಅಂಟಿ, ಗೋಡೆಯೊಳಗೆ ನುಸುಳುತ್ತವೆ. ಅವುಗಳ ಬಳಿ ರೋಗಾಣುವನ್ನು ಕರಗಿಸುವ ಕಿಣ್ವಗಳಿವೆ. ಗೋಡೆಯಲ್ಲಿ ರೋಗಾಣು ಇರಲಿ ಬಿಡಲಿ, ಆ ಕಿಣ್ವಗಳು ಸುರಿಯುತ್ತವೆ. ಕರಗುವುದು ಗೋಡೆಯೇ. ನಾಳಕ್ಕೆ ರಬ್ಬರಿನಂಥ ಗುಣ ಕೊಡುವ ಎಳೆಗಳು ಕತ್ತರಿಸಿ ಹೋಗುತ್ತವೆ.

ಮೊದಲೆರಡು ವಾರ ನ್ಯೂಟ್ರೋಫಿಲ್‌ಗಳ ಹಾವಳಿ. ಅವುಗಳ ಬೆನ್ನಿಗೆ ಮ್ಯಾಕ್ರೊಫೇಜ್‌ಗಳು, ಟಿ ಕೋಶಗಳು ಬಂದು ಸೇರುತ್ತವೆ. ಜಗಳ ಬಿಡಿಸುವವರ ಬಲ ಆಗ ಸಾಲದಾಗುತ್ತದೆ. ಮೂರು ವರ್ಷದ ಮಗುವಿನ ಕೊರೊನರಿ ನಾಳದ ಅಗಲ ಸುಮಾರು ಎರಡು ಮಿಲಿಮೀಟರ್. ಗೋಡೆ ಮೆತ್ತಗಾದಾಗ ರಕ್ತದ ಒತ್ತಡಕ್ಕೆ ಅದು ಉಬ್ಬುತ್ತದೆ. ತೀರಾ ಕೆಟ್ಟ ಪ್ರಸಂಗಗಳಲ್ಲಿ ಎಂಟು ಮಿಲಿಮೀಟರನ್ನೂ ಮೀರುತ್ತದೆ. ಉಬ್ಬಿದ ಜಾಗದಲ್ಲಿ ರಕ್ತದ ಓಟ ನಿಧಾನ. ಅದೇ ಹೊತ್ತಿಗೆ, ಎರಡು ಮೂರನೇ ವಾರದಲ್ಲಿ, ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್‌ಗಳ ಸಂಖ್ಯೆ ಏರುತ್ತದೆ. ಅಪಾಯ ಇರುವುದು ಇಲ್ಲಿ. ಜ್ವರ ಬಿಟ್ಟಿತೆಂದು ಮನೆಯವರು ನಿಟ್ಟುಸಿರು ಬಿಡುವ ಹೊತ್ತಿಗೇ ಹೃದಯದ ನಾಳದೊಳಗೆ ಹೆಪ್ಪು ಕಟ್ಟುವ ಭಯ ಹೆಚ್ಚು.

ಬ್ಯಾಂಕಿನಲ್ಲಿ ಕಳ್ಳ ಬಂದನೆಂಬ ಸುದ್ದಿ ಕೇಳಿ ಗನ್‌ಮ್ಯಾನ್ ಒಬ್ಬ ಕತ್ತಲಲ್ಲಿ ಗುಂಡು ಹಾರಿಸಿ ಸ್ಟ್ರಾಂಗ್ ರೂಮಿನ ಗೋಡೆಯನ್ನೇ ತೂತು ಮಾಡಿದರೆ ಹೇಗೆ? ಗನ್‌ಮ್ಯಾನ್ ಕೆಟ್ಟವನಲ್ಲ. ಬಂದೂಕೂ ಬೇಕಾದದ್ದೇ. ಆದರೆ ಯಾರೋ ಹೋಗಿ ಅವನ ಭುಜ ಹಿಡಿದು ಸಮಾಧಾನ ಮಾಡಬೇಕು, ಅದೂ ಬೇಗ.

ಸಾವಿರಾರು ಜನರ ಋಣ

ಪುಟ್ಟನ ಎಕೊದಲ್ಲಿ ಎಡಗಡೆಯ ಕೊರೊನರಿ ನಾಳ ಸ್ವಲ್ಪ ಹಿಗ್ಗಿದಂತೆ ಕಂಡಿತು. ರಕ್ತಪರೀಕ್ಷೆಯಲ್ಲಿ ಬಿಳಿ ಕಣಗಳ ಎಣಿಕೆಯೂ ಉರಿಯೂತ ತೋರಿಸುವ ಅಂಕಿಗಳೂ ಮಾಮೂಲಿಗಿಂತ ಎಷ್ಟೋ ಪಾಲು ಮೇಲಿದ್ದವು. "ಇಮ್ಯುನೊಗ್ಲಾಬ್ಯುಲಿನ್ ಹಾಕೋಣ. ಜ್ವರ ಬಂದ ಹತ್ತು ದಿನದೊಳಗೆ ಹಾಕಿದರೆ ಹೆಚ್ಚು ಉಪಯೋಗ. ನಮಗೆ ಇನ್ನೂ ನಾಲ್ಕು ದಿನ ಇದೆ, ಅದನ್ನ ಕಾಯೋದು ಬೇಡ" ಎಂದರು ವೈದ್ಯರು.

ಪ್ರಮಾಣ ಕಿಲೋ ತೂಕಕ್ಕೆ ಎರಡು ಗ್ರಾಂ. ಪುಟ್ಟ 14 ಕಿಲೋ. 28 ಗ್ರಾಂ. ಲೆಕ್ಕ ನನಗೆ ಬೇಗ ಬಂತು; ಬಿಲ್ಲು ನೋಡಿದಾಗ ಮಾತ್ರ ಒಂದು ಕ್ಷಣ ಕುರ್ಚಿ ಹಿಡಿದುಕೊಂಡೆ. ಎಷ್ಟು ಗಿರಾಕಿಗಳಿಗೆ "ಅವಧಿಗೆ ಮುಂಚೆ ಎಫ್‌ಡಿ ಮುರಿಸಬೇಡಿ, ಬಡ್ಡಿ ಹೋಗುತ್ತದೆ" ಎಂದು ಬುದ್ಧಿ ಹೇಳಿದ್ದೆನೋ! ಸೋಮವಾರದವರೆಗೆ ಅಳಿಯ ಬೆಂಗಳೂರಿನಿಂದ ಹೇಗೋ ಹೊಂದಿಸಿದರು. ಸೋಮವಾರ ಬೆಳಿಗ್ಗೆ ಬ್ಯಾಂಕಿನ ಬಾಗಿಲು ತೆರೆಯುವಾಗ ಎಫ್‌ಡಿ ರಸೀದಿ ಹಿಡಿದು ಮೊದಲ ಗಿರಾಕಿಯಾಗಿ ನಾನೇ ನಿಂತಿದ್ದೆ.

ಈ ಔಷಧಿಯನ್ನು ತಯಾರಿಸುವುದು ಸಾವಿರಕ್ಕೂ ಹೆಚ್ಚು ದಾನಿಗಳ ರಕ್ತದ ಪ್ಲಾಸ್ಮಾವನ್ನು ಕೂಡಿಸಿ, ಅದರಲ್ಲಿರುವ ಪ್ರತಿಕಾಯಗಳನ್ನು ಬೇರ್ಪಡಿಸಿ. ಜಪಾನಿನ ವೈದ್ಯರು 1984ರಲ್ಲಿ, ಅಮೆರಿಕದ ವೈದ್ಯರು 1986ರಲ್ಲಿ ಇದು ಕೊರೊನರಿ ಉಬ್ಬನ್ನು ತಡೆಯುತ್ತದೆಂದು ತೋರಿಸಿಕೊಟ್ಟರು. ಅದು ಹೇಗೆ ಕೆಲಸ ಮಾಡುತ್ತದೆ ಎಂಬುದಕ್ಕೆ ಒಂದೇ ಉತ್ತರವಿಲ್ಲ. ಕೆರಳಿದ ನ್ಯೂಟ್ರೋಫಿಲ್‌ಗಳನ್ನು ಅದು ಅಡಗಿಸುತ್ತದೆ, ಸಂದೇಶಗಳ ಗದ್ದಲ ಇಳಿಸುತ್ತದೆ, ಜಗಳ ಬಿಡಿಸುವ ಟಿ ಕೋಶಗಳ ಕೈ ಬಲಪಡಿಸುತ್ತದೆ. ಫಲಿತಾಂಶ ಮಾತ್ರ ಸ್ಪಷ್ಟ. ಚಿಕಿತ್ಸೆ ಸಿಗದ ನೂರು ಮಕ್ಕಳಲ್ಲಿ ಸುಮಾರು 25 ಮಕ್ಕಳ ಕೊರೊನರಿ ನಾಳ ಉಬ್ಬುತ್ತದೆ. ಸಮಯಕ್ಕೆ ಸಿಕ್ಕರೆ ಅದು ನಾಲ್ಕೈದಕ್ಕೆ ಇಳಿಯುತ್ತದೆ.

ಶನಿವಾರ ರಾತ್ರಿಯಿಡೀ, ಹನ್ನೆರಡು ಗಂಟೆ, ಹನಿ ಹನಿಯಾಗಿ ಆ ದ್ರವ ಪುಟ್ಟನ ಕೈಯೊಳಗೆ ಇಳಿಯಿತು. ನಾನು ಹಾಲಿನ ಪುಸ್ತಕ ಹಿಡಿದು ಪಕ್ಕದಲ್ಲೇ ಕೂತಿದ್ದೆ. ಭಾನುವಾರ ಸಂಜೆ ಆರಕ್ಕೆ 100. ರಾತ್ರಿ ಹತ್ತಕ್ಕೆ 99. ಸೋಮವಾರ ಬೆಳಿಗ್ಗೆ ಕಣ್ಣು ಬಿಟ್ಟವನೇ, "ಅಜ್ಜ, ದೋಸೆ" ಎಂದ. ಆ ದಿನದ ಕಾಲಂನಲ್ಲಿ ಜ್ವರದ ಅಂಕಿಯ ಪಕ್ಕ "ದೋಸೆ ಕೇಳಿದ" ಎಂದು ಬರೆದಿದ್ದೇನೆ. ಪುಸ್ತಕ ಈಗಲೂ ಇದೆ.

ಎಲ್ಲ ಮಕ್ಕಳಿಗೂ ಒಂದೇ ಬಾರಿಗೆ ಜ್ವರ ಇಳಿಯುವುದಿಲ್ಲ. ನೂರರಲ್ಲಿ ಹತ್ತರಿಂದ ಇಪ್ಪತ್ತು ಮಕ್ಕಳಿಗೆ ಎರಡನೇ ಬಾರಿ ಅದೇ ಔಷಧಿಯೋ, ಸ್ಟೀರಾಯ್ಡೋ ಬೇಕಾಗುತ್ತದೆ. ನಮ್ಮ ಅದೃಷ್ಟ ಚೆನ್ನಾಗಿತ್ತು. ಒಂದು ವಾರದ ಮೇಲೆ ಬೆರಳ ತುದಿಯ ಚರ್ಮ ಸುಲಿಯಿತು. ಅದು ಈ ಕಾಯಿಲೆಯ ಗುಣವೇ ಅಂತೆ. ಕಡಿಮೆ ಪ್ರಮಾಣದ ಆಸ್ಪಿರಿನ್ ಎಂಟು ವಾರ ನಡೆಯಿತು. ಎಂಟನೇ ವಾರದ ಎಕೊದಲ್ಲಿ ನಾಳ ಮೊದಲಿನ ಅಳತೆಗೆ ಬಂದಿತ್ತು. ವೈದ್ಯರು ರಿಪೋರ್ಟು ಕೈಗಿಟ್ಟಾಗ ಮಗಳು ಅತ್ತಳು. ನಾನು ಕನ್ನಡಕ ಒರೆಸಿಕೊಂಡೆ.

ಅಜ್ಜ ಅಜ್ಜಿಯರಿಗೂ ಇದೆ ಒಂದು

ಕಾವಲುಕೋಶಗಳು ನಾಳದ ಗೋಡೆಯನ್ನು ಕೆಡಿಸುವ ಕಾಯಿಲೆ ಇದೊಂದೇ ಅಲ್ಲ. 1908ರಲ್ಲಿ ಮಿಕಿತೊ ತಕಯಾಸು ಎಂಬ ಜಪಾನಿನ ಕಣ್ಣಿನ ವೈದ್ಯರು 21 ವರ್ಷದ ಯುವತಿಯೊಬ್ಬಳ ಕಣ್ಣೊಳಗೆ ರಕ್ತನಾಳಗಳು ಹಾರದಂತೆ ಸುತ್ತಿಕೊಂಡದ್ದನ್ನು ಕಂಡು ವರದಿ ಮಾಡಿದರು. ತಕಯಾಸು ಕಾಯಿಲೆಯಲ್ಲಿ ಮಹಾಧಮನಿ ಮತ್ತು ಅದರ ದೊಡ್ಡ ಕವಲುಗಳ ಗೋಡೆ ದಪ್ಪವಾಗಿ ದಾರಿ ಕಿರಿದಾಗುತ್ತದೆ. ಮಣಿಕಟ್ಟಿನಲ್ಲಿ ನಾಡಿಯೇ ಸಿಗದಂತಾಗಬಹುದು. ಹೆಚ್ಚಾಗಿ ಕಾಡುವುದು ಚಿಕ್ಕ ವಯಸ್ಸಿನ ಹೆಣ್ಣುಮಕ್ಕಳನ್ನು. ಭಾರತವೂ ಸೇರಿದಂತೆ ಏಷ್ಯಾದಲ್ಲಿ ಇದು ಹೆಚ್ಚು.

ನನ್ನ ವಯಸ್ಸಿನವರಿಗೆ ಬರುವುದಕ್ಕೆ ಜಯಂಟ್ ಸೆಲ್ ಆರ್ಟರೈಟಿಸ್ ಎನ್ನುತ್ತಾರೆ. ಐವತ್ತು ದಾಟಿದವರಿಗಷ್ಟೇ ಬರುತ್ತದೆ. ಯುರೋಪಿನವರಲ್ಲಿ ಹೆಚ್ಚು, ನಮ್ಮಲ್ಲಿ ವಿರಳ. ಇದರಲ್ಲಿ ಟಿ ಕೋಶಗಳು ಮತ್ತು ಮ್ಯಾಕ್ರೊಫೇಜ್‌ಗಳು ನಾಳದ ಗೋಡೆಯೊಳಗೆ ಬೀಡು ಬಿಡುತ್ತವೆ. ಹಲವು ಮ್ಯಾಕ್ರೊಫೇಜ್‌ಗಳು ಕೂಡಿ ಒಂದು ದೈತ್ಯ ಕೋಶವಾಗುತ್ತವೆ. ಹೆಸರು ಬಂದದ್ದೇ ಅದರಿಂದ. 1890ರಲ್ಲಿ ಜೊನಾಥನ್ ಹಚಿನ್ಸನ್ ಎಂಬ ಲಂಡನ್ನಿನ ವೈದ್ಯರು, ತಲೆಯ ನಾಳಗಳು ಕೆಂಪಾಗಿ ನೋಯುತ್ತಿದ್ದುದರಿಂದ ಟೋಪಿ ಹಾಕಿಕೊಳ್ಳಲಾಗದ ಮುದುಕನೊಬ್ಬನ ಬಗ್ಗೆ ಬರೆದಿದ್ದರು. ಕಣತಲೆಯಲ್ಲಿ ಹೊಸದಾಗಿ ಶುರುವಾದ ನೋವು, ತಲೆ ಬಾಚಿದರೆ ನೋವು, ಊಟ ಅಗಿಯುವಾಗ ದವಡೆ ಸೋತು ನೋಯುವುದು ಇದರ ಸುಳಿವುಗಳು. ಕಡೆಗಣಿಸಿದರೆ ಕಣ್ಣಿನ ನಾಳ ಮುಚ್ಚಿ ದೃಷ್ಟಿ ಹೋಗಬಹುದು. ಹೋದ ದೃಷ್ಟಿ ಮರಳುವುದು ಕಷ್ಟ. ಅನುಮಾನ ಬಂದ ಕೂಡಲೇ ವೈದ್ಯರು ಸ್ಟೀರಾಯ್ಡ್ ಶುರು ಮಾಡುವುದು ಅದಕ್ಕೇ.

ಇವು ಬೇರೆ ಬೇರೆ ವಯಸ್ಸಿನ ಕಾಯಿಲೆಗಳು, ಆದರೆ ಬುದ್ಧಿವಾದ ಒಂದೇ. ಕಾವಲುಗಾರರನ್ನು ಬೇಗ ಸಮಾಧಾನ ಮಾಡಿದಷ್ಟೂ ಗೋಡೆ ಉಳಿಯುತ್ತದೆ.

ಮನೆಯವರು ನೆನಪಿಡಬೇಕಾದ್ದು

• ಚಿಕ್ಕ ಮಕ್ಕಳಿಗೆ ಐದು ದಿನ ಮೀರಿದ ಜ್ವರವನ್ನು ಮಾಮೂಲಿ ಎನ್ನಬೇಡಿ. ಕವಾಸಾಕಿ ಬರುವವರಲ್ಲಿ ಹೆಚ್ಚಿನವರು ಐದು ವರ್ಷದೊಳಗಿನವರು. ಹುಡುಗರಲ್ಲಿ ಸ್ವಲ್ಪ ಜಾಸ್ತಿ.

• ಜ್ವರದ ಜೊತೆ ಈ ಐದನ್ನು ಗಮನಿಸಿ: ಪಿಸುರಿಲ್ಲದ ಕೆಂಪು ಕಣ್ಣು, ಒಡೆದ ಕೆಂಪು ತುಟಿ ಅಥವಾ ಸ್ಟ್ರಾಬೆರಿಯಂಥ ನಾಲಿಗೆ, ಮೈಮೇಲೆ ದದ್ದು, ಕೈಕಾಲು ಊತ ಅಥವಾ ಕೆಂಪು, ಕುತ್ತಿಗೆಯಲ್ಲಿ ಗಂಟು. ಎಲ್ಲವೂ ಒಂದೇ ದಿನ ಕಾಣುವುದಿಲ್ಲ. ಒಂದು ಬಂದು ಹೋದ ಮೇಲೆ ಇನ್ನೊಂದು ಬರಬಹುದು. ಆದ್ದರಿಂದ ಬರೆದಿಡಿ, ಮೊಬೈಲಿನಲ್ಲಿ ಫೋಟೊ ತೆಗೆದಿಡಿ.

• ಒಂದು ವರ್ಷದೊಳಗಿನ ಕೂಸುಗಳಲ್ಲಿ ಐದೂ ಲಕ್ಷಣ ಕಾಣದೆ ಇರಬಹುದು. ಅವರ ನಾಳಗಳಿಗೇ ಅಪಾಯ ಹೆಚ್ಚು.

• ಆಸ್ಪಿರಿನ್ ಅನ್ನು ಮಕ್ಕಳಿಗೆ ನೀವಾಗಿ ಕೊಡಲೇಬಾರದು. ವೈದ್ಯರು ಕೊಟ್ಟಾಗಲೂ, ಮನೆಯಲ್ಲಿ ಯಾರಿಗಾದರೂ ಫ್ಲೂ ಅಥವಾ ಸೀತಾಳೆ ಸಿಡುಬು ಬಂದರೆ ಕೂಡಲೇ ಅವರಿಗೆ ತಿಳಿಸಿ.

• ಇಮ್ಯುನೊಗ್ಲಾಬ್ಯುಲಿನ್ ಪಡೆದ ಮಗುವಿಗೆ ದಡಾರ, ಸೀತಾಳೆ ಸಿಡುಬಿನ ಲಸಿಕೆಗಳನ್ನು ಸಾಮಾನ್ಯವಾಗಿ 11 ತಿಂಗಳು ಮುಂದೂಡುತ್ತಾರೆ. ಲಸಿಕೆ ಹಾಕುವವರಿಗೆ ಈ ವಿಷಯ ಹೇಳಿ.

• ಜ್ವರ ಬಿಟ್ಟಿತೆಂದು ಮುಂದಿನ ಎಕೊ ತಪ್ಪಿಸಬೇಡಿ.

ಪುಟ್ಟನಿಗೆ ಈಗ ಐದು ವರ್ಷ. ಮೊನ್ನೆ ಮೊಣಕಾಲು ತರಚಿಕೊಂಡು ಬಂದ. ಗಾಯ ತೊಳೆಯುತ್ತಾ, ನಿನ್ನೊಳಗಿನ ಗಾರ್ಡುಗಳು ಈಗ ಇಲ್ಲಿಗೆ ಓಡಿ ಬರುತ್ತಾರೆ ಎಂದೆ. "ಆವತ್ತು ನಂಗೆ ಹುಷಾರಿಲ್ದಂಗೆ ಮಾಡಿದ್ದೂ ಅವ್ರೇನಾ ಅಜ್ಜ?" ಎಂದು ಕೇಳಿದ. ಹೌದು ಎಂದೆ. ಸ್ವಲ್ಪ ಹೊತ್ತು ಮೊಣಕಾಲನ್ನೇ ನೋಡಿ, "ಈ ಸಲ ಸರಿಯಾಗಿ ಕೆಲ್ಸ ಮಾಡಕ್ಕೆ ಹೇಳು" ಎಂದು ಆಡಲು ಓಡಿದ.

ಈ ಕಾಯಿಲೆ ನಮ್ಮ ದೇಶದಲ್ಲೂ ಇದೆ. ಚಂಡೀಗಢದ ಪಿಜಿಐ ಆಸ್ಪತ್ರೆಯ ವೈದ್ಯರು ತೊಂಬತ್ತರ ದಶಕದಿಂದಲೂ ಇಂಥ ಮಕ್ಕಳನ್ನು ನೋಡಿ, ದಾಖಲಿಸುತ್ತಾ ಬಂದಿದ್ದಾರೆ. ಆದರೂ ದಡಾರವೆಂದೋ, ಔಷಧಿಯ ಅಲರ್ಜಿಯೆಂದೋ ಗುರುತು ಸಿಗದೆ ಹೋಗುವ ಮಕ್ಕಳೂ ಇರುತ್ತಾರೆ. ಮನೆಯಲ್ಲಿ ಮಕ್ಕಳಿಗೆ ಜ್ವರ ಬಂದರೆ ಗಾಬರಿಯಾಗಬೇಡಿ. ಮೊದಲು ಗೋಡೆಯ ಕ್ಯಾಲೆಂಡರಿನಲ್ಲಿ ಆ ತಾರೀಕಿಗೊಂದು ಗುರುತು ಹಾಕಿ. "ಎಷ್ಟು ದಿನ ಆಯ್ತು?" ಎಂದು ವೈದ್ಯರು ಕೇಳಿದಾಗ ಸರಿಯಾದ ಉತ್ತರ ನಿಮ್ಮ ಬಳಿ ಇರಲಿ.